ಚಿಕ್ಕಜಾಜೂರು ಜಂಕ್ಷನ್ ಮತ್ತು ದುರ್ಗದ ಸೀಮೆಯಲ್ಲಿ ಬಂಡವಾಳದ ಚರಿತ್ರೆ

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಒಂದು ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಕವಲೊಡೆದು ಚಿತ್ರದುರ್ಗ, ಚಳ್ಳಕೆರೆ, ರಾಯದುರ್ಗಗಳ ಮೇಲೆ ಬಳ್ಳಾರಿಗೆ ಹೋಗುವ ಹಳಿ ಇಲ್ಲಿಂದಲೇ ಹೊರಡುತ್ತದೆ. ಹತ್ತಿ, ಶೇಂಗಾ, ಅಡಿಕೆ, ಕಬ್ಬಿಣದ ಅದಿರುಗಳಿಗೆ ಹೆಸರಾದ ಸೀಮೆಯ ನಡುವೆ ಇದ್ದರೂ ಚಿಕ್ಕಜಾಜೂರು ದೊಡ್ಡ ಉದ್ಯಮದ ಊರಾಗಿ ಬೆಳೆಯಲಿಲ್ಲ. ಅದೇ ಹಳಿಯ ಮೇಲಿನ ದಾವಣಗೆರೆ ಗಿರಣಿಗಳ ನಗರವಾಯಿತು. ಬಹುಕಾಲ ರೈಲನ್ನೇ ಕಾಣದ ಚಳ್ಳಕೆರೆ ಎಣ್ಣೆ ವ್ಯಾಪಾರದಲ್ಲಿ ದೇಶಕ್ಕೆ ಪರಿಚಿತವಾಯಿತು. ಈ ವ್ಯತ್ಯಾಸದ ಕಾರಣವನ್ನು ಹುಡುಕುವುದೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಯಾವ ಕಾಲದಲ್ಲಿ ಯಾರ ಹಣ ಬಂತು, ಯಾವ ಕೆಲಸಕ್ಕೆ ಹೂಡಿಕೆಯಾಯಿತು, ಬಂದ ಲಾಭ ಎಲ್ಲಿ ಉಳಿಯಿತು ಎಂಬುದನ್ನು ನೋಡುವುದು. ಸಾಗಣೆಯ ಅನುಕೂಲವಷ್ಟೇ ಉದ್ಯಮವನ್ನು ಕಟ್ಟಲಿಲ್ಲ. ಸರಕನ್ನು ಹದಮಾಡುವ ಕೆಲಸ, ಸ್ಥಳೀಯ ಸಾಲದ ವ್ಯವಸ್ಥೆ ಮತ್ತು ಪೇಟೆ ಈ ಮೂರೂ ಒಂದೆಡೆ ಸೇರಿದ ಕಡೆ ಮಾತ್ರ ಬಂಡವಾಳ ನೆಲೆ ನಿಂತಿತು ಎಂಬುದು ಈ ಚರಿತ್ರೆಯಿಂದ ಹೊರಡುವ ನಿರ್ಣಯ.

ರೈಲಿಗೆ ಮುಂಚಿನ ಪೇಟೆ

ವರ್ತಕರನ್ನು ಕರೆತಂದು ನೆಲೆಗೊಳಿಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ದಾವಣಗೆರೆ ಮೊದಲು ಬೇತೂರಿಗೆ ಸೇರಿದ್ದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪೋಜಿರಾವ್ ಅಥವಾ ಅಪೋಜಿರಾಮ್ ಎಂದು ದಾಖಲೆಗಳಲ್ಲಿ ಕಾಣಿಸುವ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆ ಸರದಾರ ವ್ಯಾಪಾರಿಗಳಿಗೆ ಪ್ರೋತ್ಸಾಹ ಕೊಟ್ಟು ಅಲ್ಲಿ ನೆಲೆಸುವಂತೆ ಮಾಡಿದ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ದಾವಣಗೆರೆಯ ವರ್ತಕರು ಮಲೆನಾಡಿನ ನಗರ ಸೀಮೆಯ ಅಡಿಕೆ, ಮೆಣಸುಗಳನ್ನು ಮದರಾಸಿನ ಕಡೆಯ ವಾಲಾಜಾಪೇಟೆಗೆ ಕಳಿಸಿ, ಅಲ್ಲಿಂದ ಉಪ್ಪು ಮತ್ತು ಪರದೇಶದ ಸರಕುಗಳನ್ನು ತರಿಸುತ್ತಿದ್ದರು. ಮಲೆನಾಡಿನ ಬೆಳೆಗೂ ಕರಾವಳಿಯ ಬಂದರಿಗೂ ನಡುವೆ ನಿಂತ ಈ ವ್ಯಾಪಾರದಲ್ಲಿ ಹಣ, ನಂಬಿಕೆ, ಲೆಕ್ಕ ಬರೆಯುವ ರೂಢಿ ಎಲ್ಲವೂ ಒಂದೇ ಪೇಟೆಯಲ್ಲಿ ಕೂಡಿಬಂದವು. ರೈಲು ಬಂದಾಗ ಅದನ್ನು ಬಳಸಿಕೊಳ್ಳಲು ಬೇಕಾದ ವರ್ತಕ ವರ್ಗ ದಾವಣಗೆರೆಯಲ್ಲಿ ಆಗಲೇ ಸಿದ್ಧವಿತ್ತು. ಚಿಕ್ಕಜಾಜೂರಿನಲ್ಲಿ ಅಂಥ ಪೇಟೆ ಇರಲಿಲ್ಲ.

ಸರ್ಕಾರದ ಹಣ: ಹಳಿ ಮತ್ತು ಅಣೆಕಟ್ಟೆ

1876–78ರ ಧಾತು ಈಶ್ವರ ಬರ ಮೈಸೂರು ಸೀಮೆಯನ್ನು ತೀವ್ರವಾಗಿ ಬಾಧಿಸಿತು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲಾಗದ ಸ್ಥಿತಿ ರೈಲ್ವೆಗೆ ಬಲವಾದ ಕಾರಣವಾಯಿತು. 1881ರಲ್ಲಿ ಆಳ್ವಿಕೆ ಒಡೆಯರ ಕೈಗೆ ಮರಳಿದ ಮೇಲೆ ದಿವಾನ್ ರಂಗಾಚಾರ್ಲು, ಆಮೇಲೆ ಶೇಷಾದ್ರಿ ಅಯ್ಯರ್ ರೈಲು ಮಾರ್ಗಗಳನ್ನು ಮುಂದುವರಿಸಿದರು. 1884ರಲ್ಲಿ ಬೆಂಗಳೂರಿನಿಂದ ತುಮಕೂರು ಮುಟ್ಟಿದ ಮೀಟರ್ ಗೇಜ್ ಹಳಿ 1889ರಲ್ಲಿ ಹರಿಹರ ತಲುಪಿತು. ಮಾರ್ಗವನ್ನು ಸದರ್ನ್ ಮರಾಠ ರೈಲ್ವೆ ಕಂಪನಿಗೆ ವಹಿಸಲಾಯಿತು. ಅದಕ್ಕೆ ಬೇಕಾದ ಹಣವನ್ನು ಬಡ್ಡಿಯ ಖಾತರಿಯ ಮೇಲೆ ಇಂಗ್ಲೆಂಡಿನಲ್ಲಿ ಎತ್ತಲಾಯಿತು. ಹೀಗೆ ಈ ಸೀಮೆಗೆ ಬಂದ ಮೊದಲ ದೊಡ್ಡ ಹೂಡಿಕೆ ಸರ್ಕಾರ ಹೊಣೆ ಹೊತ್ತ ಪರದೇಶಿ ಸಾಲವಾಗಿತ್ತು.

ಹಳಿ ಜಿಲ್ಲೆಯ ಪಡುವಣ ಅಂಚಿನಲ್ಲೇ ಹಾದುಹೋಯಿತು. ಬೀರೂರಿನಿಂದ ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರುಗಳ ಮೇಲೆ ದಾವಣಗೆರೆ ಸೇರಿತು. ಹೊಸದುರ್ಗದ ಪಾಲಿಗೆ ಸಿಕ್ಕಿದ್ದು ಪಟ್ಟಣದಿಂದ ದೂರವಿದ್ದ ಒಂದು ನಿಲ್ದಾಣ. ಜಿಲ್ಲಾ ಕೇಂದ್ರ ಚಿತ್ರದುರ್ಗ ಪೂರ್ತಿ ಹೊರಗುಳಿಯಿತು. ಹಿರಿಯೂರಿನದೂ ಅದೇ ಕಥೆ. ಈ ಕೊರತೆ ತುಂಬಲು 1920ರ ದಶಕದ ಆರಂಭದಲ್ಲಿ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಸುಮಾರು 34 ಕಿ.ಮೀ. ಉದ್ದದ ಕವಲು ಹಾಕಲಾಯಿತು. ಜಂಕ್ಷನ್ ಹುಟ್ಟಿದ್ದು ಹಾಗೆ. ಎಪ್ಪತ್ತು ವರ್ಷ ಈ ಕವಲು ಚಿತ್ರದುರ್ಗದಲ್ಲೇ ಕೊನೆಗೊಳ್ಳುತ್ತಿತ್ತು. ರಾಯದುರ್ಗದವರೆಗೆ ಅದು ಮುಂದುವರಿದದ್ದು 1990ರ ದಶಕದಲ್ಲಿ. ಎದುರು ತುದಿ ಮುಚ್ಚಿದ ಕವಲಿಗೆ ಸಿಕ್ಕ ಸರಕು ಸೀಮಿತ. ಇಳಿಸಿ ಏರಿಸುವ ಕೂಲಿ ಬಿಟ್ಟರೆ ಜಂಕ್ಷನ್ನಿನಲ್ಲಿ ಉಳಿಯುವ ಆದಾಯವೂ ಸೀಮಿತ.

ಸರ್ಕಾರದ ಎರಡನೆಯ ದೊಡ್ಡ ಹೂಡಿಕೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 89 ವರ್ಷ ಹಿಡಿದು, 2022ರಲ್ಲಿ ಅದು ನಡೆಯಿತು. ಈ ಅಂತರವೇ ಬಯಲುಸೀಮೆಯಲ್ಲಿ ಹೂಡಿಕೆಯ ಅಪಾಯ ಎಷ್ಟೆಂದು ತಿಳಿಸುತ್ತದೆ. ಅಚ್ಚುಕಟ್ಟಿನ ಕಬ್ಬನ್ನು ನಂಬಿ ಹಿರಿಯೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಆದರೆ ಕಾರ್ಖಾನೆಗೆ ಪ್ರತಿ ಹಂಗಾಮಿಗೂ ಕಬ್ಬು ಬೇಕು, ಕಬ್ಬಿಗೆ ಪ್ರತಿ ವರ್ಷವೂ ನೀರು ಬೇಕು. ನೀರಿನ ಖಾತ್ರಿ ಇಲ್ಲದ ಕಡೆ ಕಾರ್ಖಾನೆ ಬಹುಕಾಲ ನಡೆಯಲಿಲ್ಲ, ಬಾಗಿಲು ಮುಚ್ಚಿತು.

ವರ್ತಕರ ಹಣ: ಹತ್ತಿ ಮತ್ತು ಎಣ್ಣೆ

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸಂಸ್ಥಾನ ಉದ್ಯಮಕ್ಕೆ ಬೇಕಾದ ಸಂಸ್ಥೆಗಳನ್ನು ಒಂದೊಂದಾಗಿ ಕಟ್ಟಿತು. 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಾಣಿಜ್ಯ ಮಂಡಲಿ ಬಂದವು. ಇವುಗಳ ಹಿಂದೆ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನವಿತ್ತು. ಸಹಕಾರ ಸಂಘಗಳಿಗೆ 1905ರಲ್ಲೇ ಕಾಯ್ದೆ ಬಂದಿತ್ತು. ಪೇಟೆಯ ವರ್ತಕ ತನ್ನ ಹಣವನ್ನು ಬರೀ ಲೇವಾದೇವಿಗೆ ಬಿಡದೆ ಷೇರಿಗೆ ಹಾಕುವ ದಾರಿ ಇದರಿಂದ ತೆರೆಯಿತು.

ಇದನ್ನು ಚೆನ್ನಾಗಿ ಬಳಸಿಕೊಂಡದ್ದು ದಾವಣಗೆರೆ. ಹತ್ತಿ ಹಿಂಜುವ ಮತ್ತು ಅಂಡಿಗೆ ಕಟ್ಟುವ ಕಾರ್ಖಾನೆಗಳು ಮೊದಲು ಬಂದವು, ನೂಲಿನ ಗಿರಣಿಗಳು ಆಮೇಲೆ. ದಾವಣಗೆರೆ ಕಾಟನ್ ಮಿಲ್, ಚಂದ್ರೋದಯ, ಆಂಜನೇಯ, ಯಲ್ಲಮ್ಮ ಮುಂತಾದ ಮಿಲ್ಲುಗಳಿಂದಾಗಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಯಂತ್ರಗಳ ತಯಾರಿಕೆಗೆ ಇಳಿಯಿತು. ಗಿರಣಿಗಳು ಶತಮಾನದ ಕೊನೆಯ ದಶಕಗಳಲ್ಲಿ ಒಂದೊಂದಾಗಿ ನಿಂತವು. ಆದರೆ ಊರಿನ ವರ್ತಕರು ಹಣ ಹೂಡುವುದನ್ನು ನಿಲ್ಲಿಸಲಿಲ್ಲ. 1958ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆಜೆಎಂ ವೈದ್ಯಕೀಯ ಕಾಲೇಜುಗಳು ಗಿರಣಿಗಳ ಕಾಲದಲ್ಲೇ ಬೇರು ಬಿಟ್ಟಿದ್ದವು. ಗಿರಣಿಗಳ ನಂತರ ಊರಿನ ಆರ್ಥಿಕತೆಯನ್ನು ಶಿಕ್ಷಣವೇ ಹೊತ್ತಿತು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ದಾವಣಗೆರೆ, ಹರಿಹರ ತಾಲ್ಲೂಕುಗಳ ಜತೆ ಚಿತ್ರದುರ್ಗ ಜಿಲ್ಲೆ ತನ್ನ ಕೈಗಾರಿಕಾ ಭಾಗದ ಬಹುಪಾಲನ್ನು ಕಳೆದುಕೊಂಡಿತು.

ಚಳ್ಳಕೆರೆಯ ಬೆಳವಣಿಗೆ ಇನ್ನೊಂದು ಬಗೆಯದು. ಮಳೆಯಾಶ್ರಿತ ಕೆಂಪು ಮತ್ತು ಮರಳು ಮಿಶ್ರಿತ ನೆಲಕ್ಕೆ ಶೇಂಗಾ ಒಗ್ಗಿತು. ಕಾಯಿ ಸುಲಿಯುವ, ಬೀಜ ಅರೆಯುವ, ಎಣ್ಣೆ ತುಂಬುವ ಮಿಲ್ಲುಗಳು ಊರಿನಲ್ಲೇ ಎದ್ದವು. ಲಾರಿಯಲ್ಲೇ ಸಾಗಿದ ಈ ವಹಿವಾಟು ಚಳ್ಳಕೆರೆಗೆ ‘ಎಣ್ಣೆ ನಗರ’, ‘ಎರಡನೇ ಬಾಂಬೆ’ ಎಂಬ ಹೆಸರುಗಳನ್ನು ತಂದಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿದಾಗ ಬೆಲೆಗೆ ಬಲ ಸಿಕ್ಕಿತು. 1994–95ರ ಹೊತ್ತಿಗೆ ಖಾದ್ಯ ತೈಲದ ಆಮದು ಮುಕ್ತವಾಗಿ ಅಗ್ಗದ ತಾಳೆ ಎಣ್ಣೆ ಬಂದಾಗ ಆ ಬಲ ತಪ್ಪಿತು. ಶೇಂಗಾ ಎಣ್ಣೆಯ ಬೆಲೆ ತಾಳೆ ಎಣ್ಣೆಯ ಎದುರು ನಿಲ್ಲಲಾರದೆ ಹಲವು ಮಿಲ್ಲುಗಳು ಮುಚ್ಚಿದವು. ಮಲೇಷ್ಯಾ, ಇಂಡೊನೇಷ್ಯಾಗಳ ತೋಟಗಳ ಬೆಲೆ ಬಯಲುಸೀಮೆಯ ಹೂಡಿಕೆಯನ್ನು ನಿರ್ಧರಿಸತೊಡಗಿದ್ದು ಆಗಿನಿಂದ.

ಅಡಿಕೆ ಮಂಡಿ ಮತ್ತು ಚೇಣಿ

ಹೊಳಲ್ಕೆರೆ, ಹೊಸದುರ್ಗ ಮತ್ತು ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಸುತ್ತ ಇಂದಿಗೂ ಹೆಚ್ಚು ಜನರ ಕೈಯಲ್ಲಿರುವ ಬಂಡವಾಳ ಅಡಿಕೆಯದು. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕು; ಅಷ್ಟರವರೆಗೆ ಬೋರ್‌ವೆಲ್, ಪಂಪ್‌ಸೆಟ್, ಹನಿ ನೀರಾವರಿಗೆ ಹಣ ಹೋಗುತ್ತಲೇ ಇರುತ್ತದೆ. ಈ ಅಂತರವನ್ನು ತುಂಬುವುದು ಬ್ಯಾಂಕು, ಸಹಕಾರ ಸಂಘ ಮತ್ತು ಮಂಡಿ.

ಫಸಲು ಬಂದ ಮೇಲೆ ಬೆಳೆಗಾರನ ಮುಂದೆ ಎರಡು ದಾರಿ. ತಾನೇ ಸುಲಿಸಿ, ಬೇಯಿಸಿ, ಚೊಗರು ಹಾಕಿಸಿ, ಕಣದಲ್ಲಿ ಒಣಗಿಸಿ ಮಾರಬಹುದು. ಇಲ್ಲವೇ ತೋಟವನ್ನು ಚೇಣಿಗೆ ಕೊಡಬಹುದು. ಖೇಣಿ ಎಂದೂ ಕರೆಯುವ ಈ ಕರಾರಿನಲ್ಲಿ ಚೇಣಿದಾರ ಕೊಯ್ಲಿಗೆ ಮುಂಚೆಯೇ ಮುಂಗಡ ಕೊಡುತ್ತಾನೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಂತಿಷ್ಟು ಕೆ.ಜಿ. ಒಣ ಅಡಿಕೆ ಎಂದು ಮಾತಾಗುತ್ತದೆ; ಸಾಮಾನ್ಯವಾಗಿ ಅದು 12–13 ಕೆ.ಜಿ.ಯ ಆಸುಪಾಸು. ಕೊನೆಗಾರರ ಕೂಲಿ, ಸುಲಿಯುವವರ ಕೂಲಿ, ಸೌದೆ, ಮಳೆಯ ಭಯ ಎಲ್ಲವೂ ಚೇಣಿದಾರನ ಪಾಲು. ದರ ಏರಿದರೆ ಲಾಭವೂ ಅವನದೇ. ಒಣಗಿದ ಮಾಲು ಮಂಡಿಗೆ ಬಂದು ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಬೇರೆಬೇರೆ ದರ ಕಾಣುತ್ತದೆ. ದಲ್ಲಾಳಿ ವರ್ಷದ ನಡುವೆ ಕೊಟ್ಟ ಮುಂಗಡ ಇಲ್ಲಿ ವಜಾ ಆಗುತ್ತದೆ. ಆ ಮುಂಗಡ ಪಡೆದವನು ಮಾಲನ್ನು ಅದೇ ಮಂಡಿಗೆ ತರಬೇಕೆಂಬ ಕಟ್ಟುಪಾಡೂ ಅದರೊಂದಿಗೆ ಬರುತ್ತದೆ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ತೂಕ ಮತ್ತು ಹರಾಜನ್ನು ಪ್ರಾಂಗಣದೊಳಗೆ ತಂದಿತು. 2014ರಿಂದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯ ಮೂಲಕ ದರ ನಮೂದಿಸುವುದು ಕಂಪ್ಯೂಟರಿಗೆ ಬಂತು. ದರ ಬಹಿರಂಗವಾದರೂ ಸಾಲದ ನಂಟು ಉಳಿದಿದೆ. ಮಂಡಿಯಲ್ಲಿ ಬಂದ ಲಾಭದ ಒಂದು ಭಾಗ ಊರಿನಲ್ಲೇ ಮನೆ, ಹೊಸ ತೋಟ, ಲಾರಿ, ಮಕ್ಕಳ ಓದು ಆಗಿ ಮರಳುತ್ತದೆ. ಈ ಕಾರಣದಿಂದ ಅಡಿಕೆಯ ಬಂಡವಾಳ ಉಳಿದವುಗಳಿಗಿಂತ ಭಿನ್ನ.

ಗಣಿ

1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಸ್ಥಾಪನೆಯಾಗಿ, ರಾಬರ್ಟ್ ಬ್ರೂಸ್ ಫೂಟ್ ಅದರ ಮುಖ್ಯಸ್ಥರಾದರು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ ಇರುವುದು ನಕ್ಷೆಗೆ ಬಂತು. ಇಂಗಳದಾಳಿನ ತಾಮ್ರದ ಗಣಿಯನ್ನು ಸರ್ಕಾರಿ ಸ್ವಾಮ್ಯದ ಹಟ್ಟಿ ಚಿನ್ನದ ಗಣಿ ಕಂಪನಿ ನಡೆಸಿ ಕೊನೆಗೆ ಮುಚ್ಚಿತು. ಕಬ್ಬಿಣದ ಅದಿರಿಗೆ ದೊಡ್ಡ ಬೇಡಿಕೆ ಬಂದದ್ದು 2003ರ ನಂತರ, ಚೀನಾದ ಉಕ್ಕಿನ ಕಾರ್ಖಾನೆಗಳಿಂದ. ಆಗ ರಾಜಧನ ಟನ್ನಿಗೆ ನಿಗದಿತ ಮೊತ್ತವಾಗಿತ್ತು; ಅದಿರಿನ ಮೌಲ್ಯದ ಶೇ 10 ಎಂದು ಬದಲಾದದ್ದು 2009ರಲ್ಲಿ. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಹೆಚ್ಚಿನ ಪಾಲು ಗುತ್ತಿಗೆದಾರರಿಗೂ ರಫ್ತುದಾರರಿಗೂ ಹೋಯಿತು. ಊರಿನವರ ಕೈಗೆ ಬಂದದ್ದು ಮುಖ್ಯವಾಗಿ ಲಾರಿ ಬಾಡಿಗೆ ಮತ್ತು ಕೂಲಿ.

ರಾಜ್ಯ ಸರ್ಕಾರ 2010ರ ಜುಲೈನಲ್ಲಿ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅವರ ವರದಿ ಬಂತು. ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ತಡೆಯಿತು. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆ ಮೊದಲೆರಡು ವರ್ಗಗಳಿಗೆ 2013ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಎರಡೂ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಬಿತ್ತು. ಮುಂದೆ 70 ಲಕ್ಷಕ್ಕೇರಿದ ಈ ಮಿತಿಯನ್ನು 2022ರ ಆಗಸ್ಟ್‌ನಲ್ಲಿ 150 ಲಕ್ಷ ಟನ್ನಿಗೆ ಹೆಚ್ಚಿಸಲಾಯಿತು. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಗಣಿಬಾಧಿತ ಹಳ್ಳಿಗಳಿಗೆ ಆದಾಯದ ಪಾಲನ್ನು ಕಾನೂನಿನ ಮೂಲಕ ಕೊಡಿಸಿದ ಮೊದಲ ವ್ಯವಸ್ಥೆ.

ಗಾಳಿ ಮತ್ತು ಕಾವಲು

ಜೋಗಿಮಟ್ಟಿಯ ಸಾಲು ಮತ್ತು ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಸ್ಥಳ ಹಂಚಿಕೆಯ ಹೊಣೆ ಹೊತ್ತಿತು. ಯಂತ್ರದ ಬೆಲೆಯ ಶೇ 80ರಷ್ಟನ್ನು ಸವಕಳಿಯಾಗಿ ತೋರಿಸಿ ಆದಾಯ ತೆರಿಗೆ ಉಳಿಸುವ ಸೌಲಭ್ಯ ದೂರದ ಕಂಪನಿಗಳನ್ನು ಈ ಗುಡ್ಡಗಳಿಗೆ ಎಳೆಯಿತು. ಯಂತ್ರ ನಿಂತ ಮೇಲೆ ಉಳಿಯುವ ಉದ್ಯೋಗ ಪಹರೆ ಮತ್ತು ನಿರ್ವಹಣೆಯದಷ್ಟೇ. ಹೊರಗಿನಿಂದ ಬಂದ ಇನ್ನೊಂದು ಹೂಡಿಕೆ ಮೇವಿನ ನೆಲಗಳಾದ ಕಾವಲುಗಳಿಗೆ ಕಾಲಿಟ್ಟಿತು. ಚಳ್ಳಕೆರೆ ಬಳಿಯ ಕುದಾಪುರ, ಉಳ್ಳಾರ್ತಿ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಜತೆಗೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ದೊಡ್ಡ ಪ್ರಮಾಣದ ಜಮೀನು ಕೊಡಲಾಯಿತು. ಕಾವಲಿನಲ್ಲಿ ದನಕುರಿ ಮೇಯಿಸುತ್ತಿದ್ದ ಹಳ್ಳಿಗಳ ಜನ ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಪೀಠದ ಮೆಟ್ಟಿಲೇರಿತು. ಮೇವಿನ ನೆಲ ಕುರಿಗಾರರಿಗೂ ಚಳ್ಳಕೆರೆಯ ಕಂಬಳಿ ನೇಕಾರರಿಗೂ ಬಂಡವಾಳವೇ ಆಗಿತ್ತು. ಹೂಡಿಕೆಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟಿರಲಿಲ್ಲ.

ಹೊಸ ಹಳಿಗಳು, ಹೊಸ ನೀರು

ರಾಜ್ಯ ಹಣಕಾಸು ಸಂಸ್ಥೆ (1959), ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ (1966), ಏಕಗವಾಕ್ಷಿಗೆ ದಾರಿ ಮಾಡಿದ 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ, 2000ದಿಂದ ನಡೆದುಬಂದಿರುವ ಹೂಡಿಕೆದಾರರ ಸಮಾವೇಶಗಳು ಉದ್ಯಮ ತೆರೆಯುವವರ ಓಡಾಟ ತಗ್ಗಿಸಿದವು. ಆದರೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹೊಸದುರ್ಗವೂ ಒಂದಾಗಿತ್ತು. ಇಂಥ ತಾಲ್ಲೂಕುಗಳಿಗೆ ಸಿಗುವ ಹೆಚ್ಚಿನ ರಿಯಾಯಿತಿ ನೀರು, ಸಾಲ, ಪೇಟೆಗಳ ಕೊರತೆಯನ್ನು ತಾನಾಗಿ ತುಂಬುವುದಿಲ್ಲ. ನೀರಿನ ಕೊರತೆ ನೀಗಿಸಲು ಹೊರಟಿರುವುದು ಭದ್ರಾ ಮೇಲ್ದಂಡೆ ಯೋಜನೆ. ಚಿತ್ರದುರ್ಗ ಸೇರಿ ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರುಣಿಸುವುದು ಅದರ ಗುರಿ. 2023ರ ಕೇಂದ್ರ ಬಜೆಟ್ ಅದಕ್ಕೆ ₹5,300 ಕೋಟಿ ಘೋಷಿಸಿತು.

ಹಳಿಯ ವಿಷಯದಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ನಡೆಯುತ್ತಿವೆ. 2025ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿ.ಮೀ. ಮಾರ್ಗವನ್ನು ₹3,342 ಕೋಟಿ ವೆಚ್ಚದಲ್ಲಿ ಜೋಡಿಹಳಿ ಮಾಡಲು ಒಪ್ಪಿತು. ಇನ್ನೊಂದು ಕಡೆ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ನೇರ ಮಾರ್ಗ ನಿರ್ಮಾಣದಲ್ಲಿದೆ. ಅದು ಮುಗಿದರೆ ಹಿರಿಯೂರು ಮೊದಲ ಬಾರಿಗೆ ರೈಲು ಕಾಣುತ್ತದೆ. ಬೆಂಗಳೂರಿಗೆ ಹೋಗುವ ಚಿತ್ರದುರ್ಗದ ಪ್ರಯಾಣಿಕರಿಗೆ ಚಿಕ್ಕಜಾಜೂರಿನ ಸುತ್ತು ಬೇಕಾಗುವುದಿಲ್ಲ. ಜಂಕ್ಷನ್ನಿಗೆ ಉಳಿಯುವುದು ಮುಖ್ಯವಾಗಿ ಬಳ್ಳಾರಿ ಕಡೆಯ ಕಲ್ಲಿದ್ದಲು, ಅದಿರು, ಉಕ್ಕು, ಸಿಮೆಂಟ್, ಗೊಬ್ಬರದ ಸಾಗಣೆ. ಇದರ ಬಹುಪಾಲು ಚಿಕ್ಕಜಾಜೂರಿನಲ್ಲಿ ಹುಟ್ಟುವ ಸರಕೂ ಅಲ್ಲ, ಅಲ್ಲಿ ಹದಗೊಳ್ಳುವ ಸರಕೂ ಅಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ಮತ್ತು ತೆಂಗಿನ ಸಂಸ್ಕರಣೆ, ಉಗ್ರಾಣ ಹಾಗೂ ಅವುಗಳಿಗೆ ಸಾಲ ಕೊಡುವ ಸಹಕಾರ ಸಂಘಗಳು ಹಳಿಯ ಹತ್ತಿರ ಬಂದರೆ ಜಂಕ್ಷನ್ನಿನ ಪಾತ್ರ ಬದಲಾಗುತ್ತದೆ. ಇಲ್ಲದಿದ್ದರೆ ಎರಡನೆಯ ಹಳಿ ಬಂದ ಮೇಲೂ ಅದು ಸರಕು ಹಾದುಹೋಗುವ ಠಾಣೆಯಾಗಿಯೇ ಇರುತ್ತದೆ.