ಮೂರ್ತೆ ಬಿಟ್ಟವರ ಸಭೆ: ಮಂಗಳೂರಿನ ಬಾಸೆಲ್ ಮಿಶನ್ ಕ್ರೈಸ್ತರ ದುಡಿಮೆ

ಮಂಗಳೂರಿನ ಪ್ರಾಟೆಸ್ಟೆಂಟ್ ಸಭೆಯ ಚರಿತ್ರೆ ಈವರೆಗೆ ಬಹುಪಾಲು ಪಾದ್ರಿಗಳ ಚರಿತ್ರೆಯೇ ಆಗಿದೆ. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಬಂದಿಳಿದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು. ಕನ್ನಡಿಗರು ಈ ಹೆಸರುಗಳನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಬಲ್ಮಠದ ದೇವಾಲಯದಲ್ಲಿ ಕುಳಿತು ಪ್ರಸಂಗ ಕೇಳಿದವರು ಯಾರು, ವಾರದ ಉಳಿದ ಆರು ದಿನ ಅವರು ಏನು ಮಾಡಿ ಉಂಡರು?

1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಪಡೆದ ದೀಕ್ಷಾಸ್ನಾನದ ಬಗ್ಗೆ ಪುಟಗಟ್ಟಲೆ ಬರೆದದ್ದುಂಟು. ಸಭೆಯನ್ನು ತುಂಬಿದವರು ಮಾತ್ರ ಹೆಚ್ಚಾಗಿ ಬಿಲ್ಲವರು. ಅವರಲ್ಲಿ ಅನೇಕರ ಕುಲಕಸುಬು ಮೂರ್ತೆ. ಈ ಕಳ್ಳು ಇಳಿಸುವ ಕೆಲಸವನ್ನು ಬಿಡಬೇಕೆಂದು ಮಿಶನ್ ಪಟ್ಟು ಹಿಡಿಯಿತು. ಮತಾಂತರವೆಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಕುಟುಂಬದಿಂದ ಹೊರಬೀಳುವುದೂ ಆಗಿತ್ತು. ಜಾತಿ ಬಿಟ್ಟವರ ಆಸ್ತಿಹಕ್ಕನ್ನು ಕಾಯುವ ಕಾಯಿದೆ 1850ರಲ್ಲಿ ಬಂತಾದರೂ ಕೋರ್ಟಿನ ಮೆಟ್ಟಿಲು ಹತ್ತಲು ಕೈಯಲ್ಲಿ ಕಾಸಿರಬೇಕಲ್ಲ! ಹೀಗೆ ತಾಳೆಮರವೂ ಮನೆಯೂ ಒಟ್ಟಿಗೇ ಕೈತಪ್ಪಿದವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಶನ್ನಿನ ಮೇಲೆ ಬಿತ್ತು.

ಮಿಶನ್ನಿನ ಕೈಗಾರಿಕೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವಿತ್ತು. ಅದು ಧರ್ಮಪ್ರಸಾರಕ್ಕೆ ಬೇಕಾದದ್ದು, ಹೆಚ್ಚು ಕೈಗಳಿಗೆ ಕೆಲಸ ಕೊಡುವಂಥದ್ದಲ್ಲ. 1851ರಲ್ಲಿ ಬಂದ ಮಿಶನ್ನಿನ ಹಾಲರ್ ನೇಯ್ಗೆಯನ್ನು ಬೆಳೆಸಿದರು. ಖಾಕಿ ಬಣ್ಣದ ಬಟ್ಟೆಗೆ ಅವರ ನೇಯ್ಗೆಶಾಲೆ ಹೆಸರಾಯಿತು. 1865ರಲ್ಲಿ ಮಿಶನ್ನಿನವರೇ ಆದ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿ, ಸಾಗಣೆಗೆ ದೋಣಿ, ಮಳೆನಾಡಿನ ಮಾಡುಗಳ ಬೇಡಿಕೆ ಮೂರೂ ಕೂಡಿಬಂದವು.

ಆದರೆ ಕೂಲಿ ಕೊಡುವ ಕೈಯೂ ಪ್ರಭುಭೋಜನ ನೀಡುವ ಕೈಯೂ ಒಂದೇ ಸಂಸ್ಥೆಯದಾದಾಗ ಸಭಾಶಿಸ್ತಿನ ಬಿಗಿ ಬೇರೆಯೇ ಆಗುತ್ತದೆ. ಕುಡಿತಕ್ಕಾಗಿ ಶಿಕ್ಷೆಗೊಳಗಾದವನು ದೇವರಿಗಷ್ಟೇ ಅಂಜಿದನೆಂದು ಹೇಳಲಾಗದು. ಮಿಶನ್ನಿನ ಉಪಕಾರವನ್ನಷ್ಟೇ ಹೊಗಳುವ ಶತಮಾನೋತ್ಸವದ ಬರಹಗಳು ಈ ಅವಲಂಬನೆಯನ್ನು ಮುಟ್ಟುವುದೇ ಇಲ್ಲ.

1914ರಲ್ಲಿ ಶುರುವಾದ ಮೊದಲ ಮಹಾಯುದ್ಧ ಈ ಗಂಟನ್ನು ಬಿಚ್ಚಿತು. ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟರು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಸಭೆ ಉಳಿಯಿತು, ಅದರ ಸದಸ್ಯರ ಧಣಿ ಬದಲಾದ. ದೇಶೀಯ ಸಭಾಪಾಲಕರೂ ಹಿರಿಯರೂ ಆಡಳಿತದ ಭಾರ ಹೊತ್ತದ್ದು ಈ ಒತ್ತಡದಲ್ಲಿ. ಸಭೆಯ ಸ್ವಾಯತ್ತತೆಯನ್ನು ಬಾಸೆಲಿನಲ್ಲಿ ರೂಪುಗೊಂಡ ಯೋಜನೆಯ ಫಲವೆಂದು ಕಾಣುವುದು ಹಾಗಾಗಿ ಅರ್ಧಸತ್ಯ. ಬಾಸೆಲಿನ ಪತ್ರಾಗಾರದ ವರದಿಗಳನ್ನು ಸಭೆಯ ದೀಕ್ಷಾಸ್ನಾನದ ದಾಖಲೆಗಳೊಂದಿಗೆ ಇಟ್ಟು ಓದಿದರೆ, ಪಾದ್ರಿಗಳಿಲ್ಲದ ಆ ವರ್ಷಗಳ ಬಾಳನ್ನು ಬೀದಿ ಬೀದಿಯಾಗಿ ಗುರುತಿಸುವ ಕೆಲಸ ಶುರುವಾದೀತು.