ಯಾರು ಹೆಚ್ಚು ಉದಾರವಾದಿ? 1972ರ ಡೆಮಾಕ್ರಟಿಕ್ ಪ್ರೈಮರಿ ಮತ್ತು ಹಣೆಪಟ್ಟಿಯ ರಾಜಕಾರಣ

ಕನ್ನಡದಲ್ಲಿ ‘ಉದಾರಿ’ ಎಂದೊಡನೆ ಕೈಬಿಚ್ಚಿ ಕೊಡುವ ದಾನಿಯ ಚಿತ್ರ ಮೂಡುತ್ತದೆ. ಅಮೆರಿಕದ ರಾಜಕೀಯ ಪರಿಭಾಷೆಯ ‘ಲಿಬರಲ್’ ಪದದ ಅರ್ಥವ್ಯಾಪ್ತಿ ಬೇರೆಯದು. 1930ರ ದಶಕದಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಆಡಳಿತಾವಧಿಯಲ್ಲಿ, ದುರ್ಬಲರ ಹೊಣೆಯನ್ನು ಪ್ರಭುತ್ವವು ಹೊರಬೇಕೆಂಬ ನಿಲುವಿಗೆ ಈ ಹೆಸರು ಸಂದಿತು. ಅನಂತರದ ದಶಕಗಳಲ್ಲಿ ಜನಾಂಗೀಯ ಸಮಾನತೆ, ಯುದ್ಧವಿರೋಧ, ವ್ಯಕ್ತಿಸ್ವಾತಂತ್ರ್ಯಗಳು ಅದರೊಳಗೆ ಸೇರಿಕೊಂಡವು. ಇಷ್ಟು ಪದರಗಳುಳ್ಳ ಪದವನ್ನು ಒಂದೇ ಅಳತೆಗೋಲಾಗಿ ಹಿಡಿದು ಒಂದೇ ಪಕ್ಷದ ಇಬ್ಬರನ್ನು ಅಳೆಯಲು ಸಾಧ್ಯವೇ? ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಮತದಾರರೇ ಸೂಚಿಸುವ ‘ಪ್ರೈಮರಿ’ ಚುನಾವಣೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಹ್ಯೂಬರ್ಟ್ ಹಂಫ್ರಿ ಮತ್ತು ಜಾರ್ಜ್ ಮೆಕ್‌ಗವರ್ನ್ ಅವರ ನಡುವೆ ನಡೆದ ಸ್ಪರ್ಧೆ ಇದಕ್ಕೊಂದು ಮುಖ್ಯ ನಿದರ್ಶನ.

ಇಬ್ಬರೂ ದಕ್ಷಿಣ ಡಕೋಟಾದ ಸಣ್ಣ ಊರುಗಳಲ್ಲಿ ಹುಟ್ಟಿದವರು. ಹಂಫ್ರಿ 1911ರಲ್ಲಿ ವ್ಯಾಲೇಸ್‌ನಲ್ಲಿಯೂ ಮೆಕ್‌ಗವರ್ನ್ 1922ರಲ್ಲಿ ಏವನ್‌ನಲ್ಲಿಯೂ ಜನಿಸಿದರು. ಭಾರತೀಯರ ನೆನಪಿನಲ್ಲಿ ಉಳಿದಿರುವ ಪಿ.ಎಲ್. 480ರ ಗೋಧಿಯೊಂದಿಗೂ ಇಬ್ಬರಿಗೆ ನಂಟುಂಟು. ಆಹಾರ ನೆರವನ್ನು ಶಾಂತಿಯ ಸಾಧನವಾಗಿ ಬಳಸಬೇಕೆಂದು ಸೆನೆಟ್ಟಿನಲ್ಲಿ ವಾದಿಸಿದವರಲ್ಲಿ ಹಂಫ್ರಿ ಪ್ರಮುಖರು. 1961ರಲ್ಲಿ ಕೆನಡಿ ಆಡಳಿತವು ಆ ‘ಶಾಂತಿಗಾಗಿ ಆಹಾರ’ ಕಾರ್ಯಕ್ರಮದ ನಿರ್ದೇಶಕರನ್ನಾಗಿ ನೇಮಿಸಿದ್ದು ಮೆಕ್‌ಗವರ್ನ್ ಅವರನ್ನು.

ಇವರಲ್ಲಿ ಹೆಚ್ಚು ಉದಾರವಾದಿ ಯಾರು ಎಂಬ ಪ್ರಶ್ನೆಗೆ ಉತ್ತರವು ಆಯ್ದುಕೊಳ್ಳುವ ವರ್ಷವನ್ನು ಅವಲಂಬಿಸಿದೆ. 1948ರಲ್ಲಿ ಫಿಲಡೆಲ್ಫಿಯಾ ಸಮಾವೇಶದಲ್ಲಿ ಮಿನ್ನಿಯಾಪೊಲಿಸ್ ನಗರದ ಮೇಯರ್ ಆಗಿದ್ದ ಹಂಫ್ರಿ ಕರಿಯರ ನಾಗರಿಕ ಹಕ್ಕುಗಳ ಪರವಾಗಿ ಮಾತನಾಡಿದರು. ಆ ನಿರ್ಣಯ ಅಂಗೀಕಾರವಾದಾಗ ದಕ್ಷಿಣದ ಪ್ರತಿನಿಧಿಗಳಲ್ಲಿ ಹಲವರು ಸಭಾತ್ಯಾಗ ಮಾಡಿದರು. 1964ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಸೆನೆಟ್ಟಿನಲ್ಲಿ ದಡ ಮುಟ್ಟಿಸಿದವರೂ ಅವರೇ. ಆದರೆ 1965ರಿಂದ 1969ರವರೆಗೆ ಉಪಾಧ್ಯಕ್ಷರಾಗಿದ್ದಾಗ ಅವರು ವಿಯೆಟ್ನಾಂ ಯುದ್ಧವನ್ನು ಸಮರ್ಥಿಸಿದರು. 1947ರಲ್ಲಿ ಅವರೂ ಸೇರಿ ಕಟ್ಟಿದ್ದ ‘ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆ್ಯಕ್ಷನ್’ ಎಂಬ ಉದಾರವಾದಿ ಸಂಘಟನೆಯೇ 1968ರಲ್ಲಿ ಯುದ್ಧವಿರೋಧಿ ಯುಜೀನ್ ಮೆಕಾರ್ಥಿ ಅವರನ್ನು ಬೆಂಬಲಿಸಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ನಡೆಸಿದ್ದ ಮೆಕ್‌ಗವರ್ನ್ ವಿಯೆಟ್ನಾಂ ಯುದ್ಧದ ಪ್ರಬಲ ವಿರೋಧಿಯಾದರು. ಅವರೂ 1964ರ ಟೊಂಕಿನ್ ನಿರ್ಣಯಕ್ಕೆ ಮತ ನೀಡಿದ್ದರೆಂಬುದನ್ನು ಮರೆಯುವಂತಿಲ್ಲ.

1972ರ ಜೂನ್ 6ರಂದು ನಡೆದ ಕ್ಯಾಲಿಫೋರ್ನಿಯಾ ಪ್ರೈಮರಿ ಈ ಸ್ಪರ್ಧೆಯ ನಿರ್ಣಾಯಕ ಘಟ್ಟ. ಗೆದ್ದವರಿಗೆ ಅಲ್ಲಿನ 271 ಪ್ರತಿನಿಧಿಗಳೂ ದಕ್ಕುತ್ತಿದ್ದರು. ದೂರದರ್ಶನದ ಚರ್ಚೆಗಳಲ್ಲಿ ಹಂಫ್ರಿ, ಮೆಕ್‌ಗವರ್ನ್ ಅವರ ಎರಡು ಪ್ರಸ್ತಾವಗಳನ್ನು ಗುರಿಯಾಗಿಸಿಕೊಂಡರು. ಒಂದು, ರಕ್ಷಣಾ ವೆಚ್ಚದಲ್ಲಿ ಭಾರಿ ಕಡಿತ. ಇನ್ನೊಂದು, ಪ್ರತಿ ವ್ಯಕ್ತಿಗೂ ವರ್ಷಕ್ಕೆ 1,000 ಡಾಲರ್ ನೀಡಿ, ಉಳ್ಳವರಿಂದ ತೆರಿಗೆಯ ಮೂಲಕ ಅದನ್ನು ಹಿಂಪಡೆಯುವ ಯೋಜನೆ. ಇದರ ಒಟ್ಟು ವೆಚ್ಚವೆಷ್ಟು ಎಂಬ ಪ್ರಶ್ನೆಗೆ ಮೆಕ್‌ಗವರ್ನ್ ಸ್ಪಷ್ಟ ಉತ್ತರ ಕೊಡಲಾರದಾದರು. ಆದರೆ ಕನಿಷ್ಠ ಆದಾಯದ ಖಾತರಿಯ ಕಲ್ಪನೆ ಉದಾರವಾದಿಗಳ ಸೊತ್ತೇನೂ ಆಗಿರಲಿಲ್ಲ. 1969ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಅವರೇ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 1,600 ಡಾಲರ್ ನೀಡುವ ಯೋಜನೆಯನ್ನು ಮುಂದಿಟ್ಟಿದ್ದರು. ಮೆಕ್‌ಗವರ್ನ್ ಶೇ. 43.5, ಹಂಫ್ರಿ ಶೇ. 38.6ರಷ್ಟು ಮತ ಪಡೆದರು.

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಮುಖ್ಯವಾಗುವುದು ಈ ಅಂಕಿಅಂಶಗಳಿಗಿಂತ ಒಂದು ನುಡಿಗಟ್ಟಿನ ಪ್ರಸರಣ. 1972ರ ಏಪ್ರಿಲ್‌ನಲ್ಲಿ ಪತ್ರಕರ್ತ ರಾಬರ್ಟ್ ನೊವಾಕ್ ಅವರ ಅಂಕಣವು ಹೆಸರು ಹೇಳದ ಡೆಮಾಕ್ರಟಿಕ್ ಸೆನೆಟರ್ ಒಬ್ಬರ ಮಾತನ್ನು ಪ್ರಕಟಿಸಿತು. ಸೈನ್ಯಸೇವೆ ತಪ್ಪಿಸಿಕೊಂಡವರಿಗೆ ಕ್ಷಮಾದಾನ, ಗರ್ಭಪಾತ, ಗಾಂಜಾದ ಕಾನೂನುಬದ್ಧತೆ ಈ ಮೂರಕ್ಕೂ ಮೆಕ್‌ಗವರ್ನ್ ಪರವಾಗಿದ್ದಾರೆಂಬುದು ಅದರ ತಾತ್ಪರ್ಯ. ಈ ಮಾತು ಬಾಯಿಂದ ಬಾಯಿಗೆ ಹರಡುತ್ತ ‘ಅಮ್ನೆಸ್ಟಿ, ಅಬಾರ್ಷನ್, ಆ್ಯಸಿಡ್’ ಎಂಬ ಪಾಠಾಂತರ ಪಡೆಯಿತು. ಇಂಗ್ಲಿಷಿನಲ್ಲಿ ಮೂರೂ ಪದಗಳ ಮೊದಲಕ್ಷರ ಒಂದೇ. ಪ್ರಾಸದ ಅನುಕೂಲಕ್ಕಾಗಿ ಗಾಂಜಾದ ಜಾಗದಲ್ಲಿ ಎಲ್.ಎಸ್.ಡಿ. ಬಂದು ಕುಳಿತಿತು. ವಾಸ್ತವದಲ್ಲಿ ಮೆಕ್‌ಗವರ್ನ್ ಗಾಂಜಾ ಸೇವನೆಯ ಶಿಕ್ಷೆಯನ್ನು ಇಳಿಸಬೇಕೆಂದಿದ್ದರು. ಗರ್ಭಪಾತದ ಪ್ರಶ್ನೆಯನ್ನು ರಾಜ್ಯಗಳಿಗೆ ಬಿಡಬೇಕೆಂದಿದ್ದರು. ಗಾದೆಯ ಹಾಗೆ ಅಡಕವಾದ ಮಾತು ನಾಲಿಗೆಯ ಮೇಲೆ ನಿಲ್ಲುತ್ತದೆ. ಅದಕ್ಕೆ ಕೊಡಬೇಕಾದ ವಿವರಣೆ ನಿಲ್ಲುವುದಿಲ್ಲ. ಮೌಖಿಕ ಪರಂಪರೆಯ ಈ ನಿಯಮ ಮುದ್ರಣ ಮತ್ತು ದೂರದರ್ಶನಗಳ ಸಮಾಜದಲ್ಲಿಯೂ ಕೆಲಸ ಮಾಡಿತು. ಮೂಲ ಮಾತನ್ನು ಆಡಿದವರು ಥಾಮಸ್ ಈಗಲ್ಟನ್ ಎಂಬುದನ್ನು ನೊವಾಕ್ 2007ರಲ್ಲಿ, ಈಗಲ್ಟನ್ ಅವರ ಮರಣಾನಂತರ, ಬಹಿರಂಗಪಡಿಸಿದರು. 1972ರ ಜುಲೈನಲ್ಲಿ ಮೆಕ್‌ಗವರ್ನ್ ಉಪಾಧ್ಯಕ್ಷ ಸ್ಥಾನಕ್ಕೆ ಮೊದಲು ಆರಿಸಿದ್ದು ಇದೇ ಈಗಲ್ಟನ್ ಅವರನ್ನು!

ನವೆಂಬರ್ ಚುನಾವಣೆಯಲ್ಲಿ ನಿಕ್ಸನ್ ಪಾಳೆಯವು ಹೊಸ ಆಯುಧ ಹುಡುಕಬೇಕಾಗಲಿಲ್ಲ. ಸ್ವಪಕ್ಷದವರೇ ಮಸೆದಿಟ್ಟ ಆಯುಧಗಳು ಸಿದ್ಧವಾಗಿದ್ದವು. ಮೆಕ್‌ಗವರ್ನ್ ಮ್ಯಾಸಚೂಸೆಟ್ಸ್ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್‌ಗಳಲ್ಲಿ ಮಾತ್ರ ಗೆದ್ದರು. ಈ ಸೋಲಿಗೆ ಕಾರಣಗಳು ಹಲವು, ಹಣೆಪಟ್ಟಿಯೂ ಅವುಗಳಲ್ಲೊಂದು. ಆದರೆ 1977ರ ಜನವರಿಯಲ್ಲಿ ಮಧ್ಯಮಮಾರ್ಗಿ ಎನಿಸಿದ್ದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಧಿಕಾರ ವಹಿಸಿಕೊಂಡ ಮರುದಿನವೇ ಸೈನ್ಯಸೇವೆ ತಪ್ಪಿಸಿಕೊಂಡವರಿಗೆ ಕ್ಷಮೆ ನೀಡಿದರು. ಐದು ವರ್ಷಗಳ ಹಿಂದೆ ಅತಿರೇಕವೆನಿಸಿದ್ದು ಆಗ ಆಡಳಿತದ ಆದೇಶವಾಯಿತು. ಹಾಗಾಗಿ ‘ಯಾರು ಹೆಚ್ಚು ಉದಾರವಾದಿ’ ಎಂಬ ತೂಗುವಿಕೆಯಲ್ಲಿ ತೂಕಕ್ಕೆ ಬೀಳುವುದು ಅಭ್ಯರ್ಥಿಗಳಷ್ಟೇ ಅಲ್ಲ, ಆ ಕಾಲದ ಅಂಜಿಕೆಗಳೂ ಹೌದು. ಆ ಅಂಜಿಕೆಗಳ ದಾಖಲೆಯನ್ನು ಮತಗಳ ಎಣಿಕೆಯಲ್ಲಿ ಮಾತ್ರವಲ್ಲದೆ ಜನರ ನಾಲಿಗೆಯ ಮೇಲೆ ಉಳಿದ ನುಡಿಗಟ್ಟುಗಳಲ್ಲಿಯೂ ಇತಿಹಾಸಕಾರರು ಹುಡುಕಬೇಕಾಗುತ್ತದೆ.