ಸೀಸೆಯ ಹ್ಯೂಮಿಕ್, ಹೊಲದ ಮಣ್ಣು

ತೋಂಟದ ಸಿದ್ಧಲಿಂಗ ಯತಿಗಳ ಊರೆಂದು ಹೆಸರಾದ, ಚಾಮರಾಜನಗರದ ಬಳಿಯ ಹರದನಹಳ್ಳಿ ಇಂದು ಸುತ್ತಲಿನ ರೈತರಿಗೆ ಕೃಷಿ ವಿಜ್ಞಾನ ಕೇಂದ್ರ, ಕೃಷಿ ಕಾಲೇಜು ಇರುವ ಫಾರಂನ ಊರು. ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳಿಗೆ ತಲೆಮಾರುಗಳಿಂದ ಬಲ ಕೊಟ್ಟದ್ದು ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಬೇಸಿಗೆಯಲ್ಲಿ ಹಾಕಿಸುತ್ತಿದ್ದ ಕುರಿಮಂದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಳೆ ಬೆಳೆಗೂ ಗೊಬ್ಬರದ ವಿವರ ಬರೆದಿಟ್ಟದ್ದು ಸುಮ್ಮನೆ ಅಲ್ಲ. ಬೇಸಾಯದ ಅರ್ಧ ಬುದ್ಧಿ ಅಲ್ಲೇ ಇತ್ತು. ಈಗ ಅರಿಸಿನಕ್ಕೂ ಬಾಳೆಗೂ ಗೊಬ್ಬರದಂಗಡಿಯಲ್ಲಿ ಹ್ಯೂಮಿಕ್ ಆಮ್ಲದ ಕಪ್ಪು ದ್ರಾವಣ ಸಿಗುತ್ತದೆ. ತಿಪ್ಪೆಯ ಸಾರವೇ ಸೀಸೆಗೆ ಇಳಿದಿದೆ ಎಂದು ನಂಬಿ ಕೊಳ್ಳುವವರಿದ್ದಾರೆ. ಈ ಗೊಂದಲ ಅಂಗಡಿಯಿಂದ ಹುಟ್ಟಿದ್ದಲ್ಲ, ಅದಕ್ಕೆ ಪ್ರಯೋಗಾಲಯವೇ ಮೊದಲ ಹೊಣೆ ಎಂಬುದು ನನ್ನ ವಾದ.

1786ರಲ್ಲಿ ಜರ್ಮನಿಯ ಫ್ರಾಂಜ್ ಕಾರ್ಲ್ ಆಕಾರ್ಡ್ ಜವುಗಿನ ಪೀಟ್ ಮಣ್ಣನ್ನು ಕ್ಷಾರದಲ್ಲಿ ನೆನೆಸಿ ಕಪ್ಪು ದ್ರಾವಣ ತೆಗೆದ. ಅದಕ್ಕೆ ಆಮ್ಲ ಹಾಕಿದರೆ ತಳಕ್ಕೆ ಕೂರುವುದೇ ಹ್ಯೂಮಿಕ್ ಆಮ್ಲ. ಇಂದಿಗೂ ಗುರುತು ಇಷ್ಟೇ: ಕ್ಷಾರದಲ್ಲಿ ಕರಗಬೇಕು, ಆಮ್ಲದಲ್ಲಿ ಕೂರಬೇಕು. ಮೂಲ ಯಾವುದೆಂದು ಈ ಪರೀಕ್ಷೆ ಕೇಳುವುದೇ ಇಲ್ಲ. ಹಾಗಾಗಿ ಹೊಲದ ಮಣ್ಣಿನಿಂದ ಬಂದದ್ದಕ್ಕೂ ಕೋಟ್ಯಂತರ ವರ್ಷ ಹಳೆಯ ಕಂದು ಕಲ್ಲಿದ್ದಲಿನಿಂದ ಬಂದದ್ದಕ್ಕೂ ಒಂದೇ ಹೆಸರು. ಕಲ್ಲಿದ್ದಲಿನಿಂದ ಸುಲಭವಾಗಿ, ಹೇರಳವಾಗಿ ಸಿಗುತ್ತದೆ. ಉತ್ತರ ಡಕೋಟಾದ ಲಿಯೊನಾರ್ಡೈಟ್ ಎಂಬ ಕಂದು ಕಲ್ಲಿದ್ದಲು ಹಾಗೆ ಹೆಸರಾಯಿತು, ನಮ್ಮ ನೆರೆಯಲ್ಲಿ ನೈವೇಲಿಯ ಲಿಗ್ನೈಟ್. ರಾಸಾಯನಿಕ ಕಂಪನಿಗಳು ಮಾರುವ ಇಂಥ ಹ್ಯೂಮಿಕ್ ಪುಡಿಯನ್ನು ತರಿಸಿ ಸಂಶೋಧಕರು ಅದರ ಮೇಲೆ ಪ್ರಯೋಗ ಮಾಡಿ, ಫಲಿತಾಂಶವನ್ನು ಮಣ್ಣಿನ ಗುಣವೆಂದೂ ನದಿನೀರಿನ ಗುಣವೆಂದೂ ಬರೆದರು. 1986ರಲ್ಲಿ ಅಮೆರಿಕದ ರೊನಾಲ್ಡ್ ಮಾಲ್ಕಮ್ ಮತ್ತು ಪ್ಯಾಟ್ರಿಕ್ ಮೆಕಾರ್ತಿ ಇಂಥ ಪುಡಿಗಳ ರಚನೆಯನ್ನು ಕಾರ್ಬನ್-13 ಎನ್‌ಎಂಆರ್ ವಿಧಾನದಿಂದ ನೋಡಿದರು. ಬೇರೆ ಬೇರೆ ಕಂಪನಿಯವು ಪರಸ್ಪರ ಹೋಲುತ್ತಿದ್ದವು, ಮಣ್ಣು ಹೊಳೆಗಳ ಹ್ಯೂಮಿಕ್ ಅನ್ನು ಹೋಲಲಿಲ್ಲ. ಮಣ್ಣು ನೀರಿನ ಸಂಶೋಧನೆಗೆ ಇವು ಬದಲಿಯಾಗಲಾರವು ಎಂದೇ ಅವರು ತೀರ್ಮಾನಿಸಿದರು.

ಈ ಪುಡಿಯನ್ನೇ ಶುದ್ಧಗೊಳಿಸಿ ಬಳಸಬಹುದಲ್ಲ ಎನ್ನುವವರುಂಟು. ಬೂದಿ, ಲೋಹ ಹೋಗುತ್ತವೆ. ಕಲ್ಲಿದ್ದಲಿನ ಹುಟ್ಟು ಹೋಗುವುದಿಲ್ಲ. ಎಲ್ಲರೂ ಒಂದೇ ಪುಡಿ ಬಳಸಿದರೆ ಫಲಿತಾಂಶ ಹೋಲಿಸಬಹುದು ಎಂಬುದು ಹೆಚ್ಚು ತೂಕದ ಮಾತು. ಆದರೆ ಅದಕ್ಕೆಂದೇ 1981ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಹ್ಯೂಮಿಕ್ ಪದಾರ್ಥ ಸಂಘ ಮೂಲ ತಿಳಿದ ಮಾದರಿಗಳನ್ನು ಒದಗಿಸುತ್ತದೆ: ಜಾರ್ಜಿಯಾದ ಸುವಾನಿ ನದಿಯದು, ಇಲಿನಾಯ್‌ನ ಎಲಿಯಟ್ ಮಣ್ಣಿನದು. ಲಿಯೊನಾರ್ಡೈಟ್ ಕೂಡ ಅಲ್ಲಿದೆ, ತನ್ನ ಹೆಸರಿನಲ್ಲೇ. ಇನ್ನು 2015ರಲ್ಲಿ ಯೊಹಾನೆಸ್ ಲೇಮನ್ ಮತ್ತು ಮಾರ್ಕುಸ್ ಕ್ಲೇಬರ್, ಮಣ್ಣಿನಿಂದ ತೆಗೆದ ಹ್ಯೂಮಿಕ್ ಸಹ ಕ್ಷಾರದ ಕೈವಾಡವೇ, ಮಣ್ಣಿನೊಳಗೆ ಹಾಗೆಯೇ ಇರುವ ವಸ್ತುವಲ್ಲ ಎಂದು ವಾದಿಸಿದರು. ಇದನ್ನೊಪ್ಪಿದರೆ ಪುಡಿಯ ಪರ ವಾದ ಇನ್ನಷ್ಟು ಸೊರಗುತ್ತದೆ: ಅದು ಮಣ್ಣಿನಿಂದ ಎರಡು ಹೆಜ್ಜೆ ದೂರ.

ಕಪ್ಪು ದ್ರಾವಣ ಬೆಳೆಗೆ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ ಅದನ್ನು ಜೈವಿಕ ಉತ್ತೇಜಕಗಳ ಸಾಲಿಗೆ ಸೇರಿಸಿತು. ಉತ್ತೇಜಕವೆಂದೇ ಅದನ್ನು ಪರೀಕ್ಷಿಸಲಿ, ರೈತನಿಗೆ ಆ ಫಲಿತಾಂಶ ಬೇಕು. ಆದರೆ ಸುವರ್ಣಾವತಿ ಜಲಾಶಯದ ನೀರಿನಲ್ಲಿರುವ ಹ್ಯೂಮಿಕ್‌ಗೆ ಕ್ಲೋರಿನ್ ಸೇರಿದರೆ ಏನು ಹುಟ್ಟುತ್ತದೆಂದು ತಿಳಿಯಬೇಕಾದರೆ, ಮೇಲಿನ ಕಾಡಿನ ತರಗೆಲೆ ಕರಗಿದ ಆ ನೀರನ್ನೇ ತರಬೇಕು. ಕುರಿಮಂದೆ ಹಾಕಿದ ಕೆಂಪು ಹೊಲ ತೇವವನ್ನು ಎಷ್ಟು ದಿನ ಹಿಡಿಯುತ್ತದೆ ಎಂದು ಅಳೆಯಬೇಕಾದರೆ ಆ ಹೊಲದ ಮಣ್ಣೇ ಬೇಕು. ಅದಕ್ಕೆ ದುಡ್ಡೂ ಸಮಯವೂ ಹೆಚ್ಚು ಬೇಕೆನ್ನುವುದು ನಿಜ. ಹರದನಹಳ್ಳಿಯ ಫಾರಂಗೆ ಮಾತ್ರ ಮಣ್ಣು ಬಾಗಿಲಲ್ಲೇ ಇದೆ.